ಸಿರವಾರದ ಐತವಾರಗಳು

ನಮ್ಮ ಮದುವೆಯಾದ ಮರುವರ್ಷವೇ ಅವರು ಟೈಪಿಸ್ಟ್ ಆಗಿದ್ದ ಹತ್ತಿ ಕಾರ್ಖಾನೆ ಮುಚ್ಚಿತು. ಎಪ್ಪತ್ತರ ದಶಕದ ಆರಂಭದ ಬರಗಾಲದ ದಿನಗಳು ಅವು. ಹೊಲದಲ್ಲಿ ಹತ್ತಿ ಬೆಳೆಯದೆ ರಾಯಚೂರಿನ ಗಿರಣಿಗಳು ಒಂದೊಂದಾಗಿ ಸುಮ್ಮನಾಗುತ್ತಿದ್ದವು. ನಮ್ಮ ಗಿರಣಿಯ ಭೋಂಗಾ ಕೂಗದ ದಿನ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಸ್ವಲ್ಪ ಹೊತ್ತು ನಿಂತು, ಒಲೆಯ ಮೇಲೆ ಏನೋ ಇಟ್ಟು ಬಂದದ್ದು ನೆನಪಾದವರಂತೆ ಒಳಗೆ ಹೋದರು.

ನಾವಿದ್ದದ್ದು ನನ್ನ ಭಾವನವರ ಮನೆಯಲ್ಲಿ. ಎಲ್ಲರ ಊಟವಾದ ಮೇಲೆ ಅಡುಗೆಮನೆ ಸಾರಿಸಿ ಅಲ್ಲಿಯೇ ನಮ್ಮ ಹಾಸಿಗೆ ಹಾಸುತ್ತಿದ್ದೆ. ಕೆಲಸ ಹೋದ ಮೇಲೆ ಅವರು ಮುಂಜಾನೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಗೆ ಹೋಗಿ, ಬಜಾರಿನ ಅಡತಿ ಅಂಗಡಿಗಳಲ್ಲೆಲ್ಲ ಕೇಳಿಕೊಂಡು, ಬಿಸಿಲಿಗೆ ಮುಖ ಕಪ್ಪಗೆ ಮಾಡಿಕೊಂಡು ವಾಪಸು ಬರುತ್ತಿದ್ದರು. ನಮ್ಮ ಓರಗಿತ್ತಿ ಕೆಟ್ಟವರಲ್ಲ. ಆದರೆ ರೊಟ್ಟಿ ಬಡಿಯಲು ಕೂತಾಗ, ಮೊದಲೆಲ್ಲ ಕೇಳದವರು, ಈಗ ನನ್ನ ಗಂಡನ ಕಡೆ ತಿರುಗಿ ಎಷ್ಟು ಮಾಡಲಿ ಎಂದು ಕೇಳತೊಡಗಿದರು. ಒಂದು ದಿನ ಅವರು ಹಸಿವಿಲ್ಲ ಅಂದರು. ಮರುದಿನವೂ ಅಂದರು. ಆ ಮನೆಯಲ್ಲಿ ಇನ್ನು ಇರಲಾಗುವುದಿಲ್ಲ ಎಂದು ನನಗೆ ಆಗ ತಿಳಿಯಿತು.

ತವರು ಅದೇ ಊರಲ್ಲಿ, ಕೋಟೆಯ ಬದಿಗೆ ಇತ್ತು. ಅಪ್ಪ ಸಣ್ಣದೊಂದು ಗುಡಿಯಲ್ಲಿ ಪೂಜೆ ಮಾಡುತ್ತಿದ್ದರು. ಬರಗಾಲದಲ್ಲಿ ಗುಡಿಗೆ ಬರುವವರು ಹೆಚ್ಚಾಗಿದ್ದರು, ಆರತಿ ತಟ್ಟೆಗೆ ಬೀಳುವುದು ಕಡಿಮೆಯಾಗಿತ್ತು. ಮದುವೆಯಾಗದ ತಂಗಿಯರಿದ್ದ ಆ ಮನೆಗೆ ಗಂಡನನ್ನು ಕರೆದುಕೊಂಡು ಹೋಗುವ ಮಾತೇ ಇರಲಿಲ್ಲ. ನಾನು ಶಿಕ್ಷಕಿಯ ತರಬೇತಿ ಮುಗಿಸಿದ್ದೆ. ಅದೊಂದೇ ಕೈಯಲ್ಲಿದ್ದದ್ದು. ಬಹಳ ಕಡೆ ಅರ್ಜಿ ಹಾಕಿದ ಮೇಲೆ ಮಾನ್ವಿಯ ಒಂದು ಖಾಸಗಿ ಶಾಲೆಯಲ್ಲಿ ತಾತ್ಪೂರ್ತಿಕ ಕೆಲಸ ಸಿಕ್ಕಿತು. ಅದೇ ತಿಂಗಳು ಅವರಿಗೆ ದೇವದುರ್ಗದ ಒಬ್ಬ ಗೊಬ್ಬರದ ವ್ಯಾಪಾರಿಯ ಹತ್ತಿರ ಚೀಟಿ ಬರೆಯುವ ಕೆಲಸ ಸಿಕ್ಕಿತು. ರಾತ್ರಿ ಗೋದಾಮಿನಲ್ಲೇ ಮಲಗಿ ಕಾಯಬೇಕು, ಅದರಿಂದ ಬಾಡಿಗೆ ಉಳಿಯುತ್ತದೆ ಎಂದು ವ್ಯಾಪಾರಿ ಹೇಳಿದ್ದನಂತೆ. ಒಬ್ಬರ ಸಂಬಳದಲ್ಲಿ ಇಬ್ಬರು ಬದುಕುವ ಹಾಗಿರಲಿಲ್ಲ. ಇಬ್ಬರ ಕೆಲಸವೂ ಒಂದೇ ಊರಲ್ಲಿ ಇರಲಿಲ್ಲ.

“ಒಂದ್ ಸ್ವಲ್ಪ ದಿನ ತಡಕೊಳ್ಳೋಣ,” ಅಂದರು ಅವರು. “ಕಾಲ ಸುಧಾರಿಸಲಿ. ಆಮ್ಯಾಲೆ ಎಲ್ಲ್ಯಾದ್ರೂ ಕೂಡಿ ಇರೋಣಂತ.”

ನಾನು ಆಗಲಿ ಅಂದೆ. ಟ್ರಂಕು ಒಂದೇ ಇತ್ತು. ಅದನ್ನು ನನಗೆ ಬಿಟ್ಟು, ಅವರು ತಮ್ಮ ಬಟ್ಟೆಯನ್ನು ಚೀಲಕ್ಕೆ ತುಂಬಿಕೊಂಡರು.

ಮಾನ್ವಿಯಲ್ಲಿ ಮನೆ ಹುಡುಕಲು ಹೋದ ಕಡೆಯೆಲ್ಲ ಗಂಡ ಎಲ್ಲಿ ಎಂದು ಕೇಳುತ್ತಿದ್ದರು. ದೇವದುರ್ಗದಲ್ಲಿದ್ದಾರೆ ಅಂದರೆ, ಮತ್ತೆ ನೀವ್ಯಾಕೆ ಇಲ್ಲಿ ಅನ್ನುತ್ತಿದ್ದರು. ನಮ್ಮ ಜನರ ಮನೆಗಳಲ್ಲಿ ಬಾಡಿಗೆಯೂ ಹೆಚ್ಚು, ಅನುಮಾನವೂ ಹೆಚ್ಚು. ಕೊನೆಗೆ ನನಗೆ ಖೋಲಿ ಕೊಟ್ಟವಳು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿದ್ದ ಒಬ್ಬ ಮುಸ್ಲಿಂ ಹೆಂಗಸು. ಅವಳ ಗಂಡ ಅಕ್ಕಿ ಗಿರಣಿಗಳಿಂದ ನುಚ್ಚು ತಂದು ಬಜಾರಿನಲ್ಲಿ ಮಾರುತ್ತಿದ್ದ. ಎಲ್ಲರೂ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವಳು ನನ್ನನ್ನು ಮರ್ಯಾದೆಗೆ ಬಾಯಿ ಎನ್ನುತ್ತಿದ್ದಳು. ಮನೆಯಲ್ಲಿ ಅವರವರೊಳಗೆ ದಖ್ಖನಿ ಮಾತಾಡಿ, ನನ್ನ ಕಡೆ ತಿರುಗಿದಾಗ ಕನ್ನಡಕ್ಕೆ ಬರುತ್ತಿದ್ದಳು. ಬಾಡಿಗೆ ಕಡಿಮೆ ಮಾಡಿ, ಅದರ ಬದಲು ತನ್ನ ಹೆಣ್ಣುಮಕ್ಕಳಿಗೆ ಸಂಜೆ ನಾಲ್ಕಕ್ಷರ ಕಲಿಸು ಅಂದಳು.

ಸೋವಿಯಲ್ಲಿ ಬದುಕುವುದನ್ನು ನನಗೆ ಕಲಿಸಿದವಳು ಅವಳೇ. ಸೀಮೆಎಣ್ಣೆಗೆ ಪಾಳಿ ಹಚ್ಚುವ ಕಷ್ಟ ಬೇಡವೆಂದು ಹೊಟ್ಟಿನ ಒಲೆ ತೋರಿಸಿಕೊಟ್ಟಳು. ತಗಡಿನ ಡಬ್ಬಿಯ ನಡುವೆ ಒಂದು ಕೋಲು ನಿಲ್ಲಿಸಿ, ಸುತ್ತಲೂ ಭತ್ತದ ಹೊಟ್ಟು ಗಟ್ಟಿಯಾಗಿ ತುಂಬಿ, ಕೋಲನ್ನು ಮೆಲ್ಲಗೆ ಮೇಲಕ್ಕೆಳೆದರೆ ನಡುವೆ ಕೊಳವೆಯಂಥ ಜಾಗ ಉಳಿಯುತ್ತದೆ. ಅಲ್ಲಿ ಬೆಂಕಿ ಹಚ್ಚಿದರೆ ಅನ್ನ, ಸಾರು ಎರಡೂ ಆಗುವಷ್ಟು ಹೊತ್ತು ಉರಿಯುತ್ತದೆ. ಹೊಟ್ಟು ಗಿರಣಿಯ ಹಿಂದೆ ಗುಡ್ಡದಂತೆ ಬಿದ್ದಿರುತ್ತಿತ್ತು, ಯಾರು ಬೇಕಾದರೂ ತುಂಬಿಕೊಂಡು ಹೋಗಬಹುದಿತ್ತು. ಮೊದಲ ಸಲ ಕೋಲನ್ನು ಜೋರಾಗಿ ಎಳೆದು ನಾನು ಎಲ್ಲ ಕುಸಿಯುವಂತೆ ಮಾಡಿದ್ದೆ. ತರಕಾರಿಗೆ ಪುಂಡಿ ಸೊಪ್ಪು, ಅನ್ನಕ್ಕೆ ನುಚ್ಚು, ರೊಟ್ಟಿಗೆ ಗುರೆಳ್ಳು ಪುಡಿ. ವಾರದ ಕೊನೆಗೆ ಪುಡಿಯೂ ಮುಗಿದು ಉಪ್ಪು ನೀರಿನಲ್ಲಿ ರೊಟ್ಟಿ ಅದ್ದಿಕೊಂಡು ತಿಂದದ್ದಿದೆ.

ಅಪ್ಪ ಒಮ್ಮೆ ನನ್ನನ್ನು ನೋಡಲು ಬಂದರು. ಅಂಗಳದಲ್ಲಿ ಕಟ್ಟಿದ್ದ ಆಡನ್ನು ನೋಡಿ ಹೊಸ್ತಿಲ ಹೊರಗೇ ನಿಂತರು. ನೀರು ಎಲ್ಲಿಂದ ತರುತ್ತೀ ಎಂದು ಕೇಳಿದರು. ಓಣಿಯ ನಳದಿಂದ ಅಂದೆ. ಹೊರಗಿನ ಕಟ್ಟೆಯ ಮೇಲೆ ಕೂತು, ಧೋತರದ ಗಂಟಿನಲ್ಲಿ ತಂದಿದ್ದ ಅವಲಕ್ಕಿ ತಿಂದು, ಬಂದ ಬಸ್ಸಿಗೇ ಹಿಂತಿರುಗಿದರು. ಮತ್ತೆ ಬರಲಿಲ್ಲ.

ಅವರು ಮಾತ್ರ ಮೊದಲೊಂದೆರಡು ಸಲ ದೇವದುರ್ಗದಿಂದ ಬಸ್ಸಿನಲ್ಲಿ ಬಂದರು. ಬಂದಾಗ ಮೈಗೆಲ್ಲ ಗೊಬ್ಬರದ ಘಾಟು ಇರುತ್ತಿತ್ತು. ಎಷ್ಟು ತಿಕ್ಕಿ ಸ್ನಾನ ಮಾಡಿದರೂ ಹೋಗದ ವಾಸನೆ. ಆಮೇಲೆ ಅವರ ವ್ಯಾಪಾರಿ ಸಂಬಳ ತಡಮಾಡತೊಡಗಿದ. ನಮ್ಮ ಶಾಲೆಯಲ್ಲೂ ಈ ತಿಂಗಳದ್ದು ಮುಂದಿನ ತಿಂಗಳು ಎನ್ನುವಂತಾಯಿತು. ಬಸ್ಸಿನ ದುಡ್ಡು ಉಳಿಸಬೇಕೆಂದರೆ ಒಂದೇ ದಾರಿ ಎಂದು ಅವರೇ ಹೇಳಿದರು. ಸಿರವಾರ ನಮ್ಮಿಬ್ಬರಿಗೂ ನಡುವೆ ಇತ್ತು. ಅವರು ಅತ್ತಲಿಂದ, ನಾನು ಇತ್ತಲಿಂದ ಲಾರಿ ಹಿಡಿದು ಅಲ್ಲಿಗೆ ಬಂದರೆ, ಐತವಾರ ಮಧ್ಯಾಹ್ನ ಒಟ್ಟಿಗೆ ಕೂತು ಉಂಡು, ಸಂಜೆ ತಿರುಗಿ ಹೋಗಬಹುದು.

ಹೀಗೆ ನಮ್ಮ ಸಂಸಾರ ಸಿರವಾರದ ಬಸ್ ಸ್ಟ್ಯಾಂಡಿನಲ್ಲಿ ನಡೆಯಿತು. ಅಕ್ಕಿಯ ಲಾರಿಗಳ ಡ್ರೈವರುಗಳಿಗೆ ನನ್ನ ಪರಿಚಯವಾಯಿತು. ಟೀಚರಬಾಯಿ ಎಂದು ಕ್ಯಾಬಿನ್ನಿನಲ್ಲಿ ಬಾಗಿಲ ಪಕ್ಕದ ಜಾಗ ಬಿಡುತ್ತಿದ್ದರು. ದೇವದುರ್ಗದಿಂದ ಅವರು ಲಾರಿಯ ಖಾಲಿ ಚೀಲಗಳ ಮೇಲೆ ಕೂತು, ತಲೆಗೆ ಟವೆಲ್ ಸುತ್ತಿಕೊಂಡು ಬರುತ್ತಿದ್ದರು. ಇಳಿದಾಗ ರೆಪ್ಪೆಯ ಮೇಲೂ ಧೂಳಿರುತ್ತಿತ್ತು. ನಿಲ್ದಾಣದ ಹಿಂದೆ ಒಂದು ಬೇವಿನ ಮರ, ಅದರ ಕೆಳಗೆ ಯಾರೋ ಕಟ್ಟಲು ಶುರುಮಾಡಿ ಬಿಟ್ಟಿದ್ದ ಮೋಟುಗೋಡೆ. ಅಲ್ಲಿ ಕೂತು ರೊಟ್ಟಿಯ ಗಂಟು ಬಿಚ್ಚುತ್ತಿದ್ದೆ. ವಾರವಿಡೀ ಅವರಿಗೆ ಹೇಳಬೇಕೆಂದು ಕೂಡಿಟ್ಟುಕೊಂಡ ಮಾತುಗಳು ಬಸ್ಸುಗಳ ಗದ್ದಲದಲ್ಲಿ ಹೇಳುವಂಥವಾಗಿ ಇರುತ್ತಿರಲಿಲ್ಲ. ಊಟವಾದ ಮೇಲೆ ಅವರಿಗೆ ನಿದ್ದೆ ಬರುತ್ತಿತ್ತು. ಗೋದಾಮಿನಲ್ಲಿ ಇಲಿಗಳ ಕಾಟಕ್ಕೆ ನಿದ್ದೆಯಾಗುವುದಿಲ್ಲ ಅನ್ನುತ್ತಿದ್ದರು. ಗೋಡೆಗೊರಗಿ ಬಾಯಿ ತೆರೆದು ಮಲಗಿದವರ ಮೇಲೆ ನೊಣ ಕೂಡದಂತೆ ನಾನು ಸೆರಗು ಬೀಸುತ್ತ ಕೂಡುತ್ತಿದ್ದೆ. ಎದ್ದ ಮೇಲೆ ಲಾರಿ ಹುಡುಕುವ ಹೊತ್ತಾಗಿರುತ್ತಿತ್ತು.

ಒಂದು ಐತವಾರ ಒಬ್ಬ ಪೊಲೀಸಿನವನು ನಮ್ಮ ಮುಂದೆ ಬಂದು ನಿಂತ. ಪ್ರತಿ ವಾರ ಇಲ್ಲಿ ಬಂದು ಕೂಡುತ್ತೀರಂತೆ, ಯಾರು ನೀವು ಎಂದು ಕೇಳಿದ. ಗಂಡ ಹೆಂಡತಿ ಇದ್ದೀವಿ ಎಂದು ಅವರು ಎದ್ದು ನಿಂತು ಹೇಳಿದರು.

“ಗಂಡ ಹೆಂಡ್ತಿ ಆದ್ರ ಮನ್ಯಾಗ ಕುಂದ್ರಬೇಕು,” ಅಂದ ಆತ. “ಬಸ್ ಸ್ಟ್ಯಾಂಡಿನಾಗ ಯಾಕ ಕುಂತೀರಿ?”

ಅವರು ತಮ್ಮ ಕೆಲಸ ಎಲ್ಲಿ, ನನ್ನ ಕೆಲಸ ಎಲ್ಲಿ ಎಂದು ವಿವರಿಸಿದರು. ಶಾಲೆಯಲ್ಲಿ ತಪ್ಪು ಮಾಡಿದ ಹುಡುಗ ಹೇಳುವ ಹಾಗಿತ್ತು ಆ ದನಿ. ಪೊಲೀಸಿನವನು ನನ್ನ ಕೊರಳಿನ ಕಡೆ ನೋಡಿ, ತಾಳಿ ಇದ್ದದ್ದು ಕಂಡು, ಹೊರಟುಹೋದ. ಸುತ್ತಲಿನ ಜನ ನೋಡುತ್ತಲೇ ಇದ್ದರು. ಅವತ್ತಿನಿಂದ ಅವರು ಗೋಡೆಯ ಮೇಲೆ ನನ್ನಿಂದ ಒಂದಿಷ್ಟು ದೂರ ಸರಿದು ಕೂಡತೊಡಗಿದರು. ನಾನು ರೊಟ್ಟಿಯನ್ನು ಕೈಚಾಚಿ ಕೊಡುತ್ತಿದ್ದೆ.

ದೀಪಾವಳಿಗೆ ಅವರಿಗೆ ರಜೆ ಸಿಕ್ಕಿ ಮಾನ್ವಿಗೆ ಬಂದು ಉಳಿದಿದ್ದರು. ಖಾಲಾ ಆ ದಿನಗಳಲ್ಲಿ ತನ್ನ ಮಕ್ಕಳನ್ನು ನನ್ನ ಖೋಲಿಯ ಕಡೆ ಸುಳಿಯಗೊಡಲಿಲ್ಲ. ಆಮೇಲೊಮ್ಮೆ ಸಂಕ್ರಾಂತಿಗೂ ಬಂದರು. ಅದಾದ ಸ್ವಲ್ಪ ದಿನಕ್ಕೆ ನಾನು ಬಸಿರಾದದ್ದು ತಿಳಿಯಿತು. ಸಿರವಾರದಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತಿದ್ದಾಗ ಹೇಳಿದೆ. ಅವರಿಗೆ ಕೇಳಿಸಲಿಲ್ಲ. ಎರಡನೆಯ ಸಲ ಹೇಳಬೇಕಾಯಿತು. ಕೇಳಿದ ಮೇಲೆ ನಕ್ಕರು. ಎಷ್ಟು ದಿನಗಳಾಗಿದ್ದವೋ ಅವರು ಹಾಗೆ ನಕ್ಕು. ಎದ್ದು ಹೋಗಿ ಬಾಳೆಹಣ್ಣು ತಂದರು, ಎಲ್ಲ ನೀನೇ ತಿನ್ನಬೇಕು ಅಂದರು. ಮಳೆಗಾಲದ ಹೊತ್ತಿಗೆ ಎಲ್ಲಾದರೂ ಒಂದು ಖೋಲಿ ಹಿಡಿಯುತ್ತೇನೆ, ಗೋದಾಮಿನ ಕೆಲಸ ಬಿಟ್ಟು ರಾಯಚೂರಿನಲ್ಲೇ ಏನಾದರೂ ನೋಡುತ್ತೇನೆ ಎಂದೆಲ್ಲ ಮಾತಾಡಿದರು. ಆ ಮಧ್ಯಾಹ್ನ ಅವರು ನಿದ್ದೆ ಮಾಡಲಿಲ್ಲ.

ಶಾಲೆಯಲ್ಲಿ ತಿಳಿದರೆ ತಾತ್ಪೂರ್ತಿಕದವಳನ್ನು ಇಟ್ಟುಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಸೆರಗು ಹೊದ್ದುಕೊಂಡು ಬೇಸಿಗೆ ರಜೆಯವರೆಗೆ ಹೇಗೋ ತಳ್ಳಿದೆ. ಅಷ್ಟರಲ್ಲಿ ರಾಯಚೂರಿನಿಂದ ಸರ್ಕಾರಿ ಶಾಲೆಯ ಕಾಯಂ ಕೆಲಸಕ್ಕೆ ಸಂದರ್ಶನಕ್ಕೆ ಬರಬೇಕೆಂದು ಕರೆ ಬಂತು. ಆ ಕೆಲಸ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂದು ಇಬ್ಬರಿಗೂ ಅನಿಸಿತು. ಹೇಗೆ ಹೋಗುವುದು ಎಂಬ ಮಾತು ಸಿರವಾರದಲ್ಲೇ ಆಯಿತು.

“ಲಾರಿಗೇ ಹೋಗು,” ಅಂದರು ಅವರು. “ಬಸ್ಸಿನಾಗ ನಿಂತು ಹೋಗೋದಕ್ಕಿಂತ ಅದು ಚಲೋ. ಉಳದಿದ್ದು ಬಾಣಂತನಕ್ಕ ಆಗ್ತದ.”

ನನಗೂ ಅದೇ ಸರಿಯೆನಿಸಿತು. ಇಷ್ಟು ದಿನ ಲಾರಿಯಲ್ಲೇ ಓಡಾಡಿದ್ದೆ, ಏನೂ ಆಗಿರಲಿಲ್ಲ.

ಖಾಲಾಗೆ ರಾಯಚೂರಿನಲ್ಲಿದ್ದ ತಂಗಿಯ ಮನೆಗೆ ಹೋಗುವುದಿತ್ತು, ನನ್ನ ಜೊತೆಗೇ ಹೊರಟಳು. ಮುಂಜಾನೆ ತೌಡಿನ ಚೀಲ ಹೇರಿದ ಲಾರಿ ಸಿಕ್ಕಿತು. ಇಬ್ಬರೂ ಕ್ಯಾಬಿನ್ನಿನಲ್ಲಿ ಕೂತೆವು. ಅರ್ಧ ದಾರಿಯನ್ನೂ ದಾಟಿರಲಿಲ್ಲ, ಹಿಂದಿನ ಟೈರು ಒಡೆಯಿತು. ಇದ್ದ ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಡ್ರೈವರ್ ಅದನ್ನು ಉರುಳಿಸಿಕೊಂಡು ಎದುರಿಗೆ ಬಂದ ಗಾಡಿ ಹತ್ತಿ ಹೋದ. ಮರವಿಲ್ಲದ ಜಾಗ. ಲಾರಿಯ ನೆರಳಿನಲ್ಲಿ ಕೂತೆವು, ಹೊತ್ತು ಏರಿದ ಹಾಗೆ ಆ ನೆರಳೂ ಲಾರಿಯ ಅಡಿಗೇ ಹೋಯಿತು. ಬಸ್ಸೊಂದು ಬಂತು. ಖಾಲಾ ರಸ್ತೆಯ ನಡುವೆ ನಿಂತು ಕೈ ಬೀಸಿದಳು. ಮೆಟ್ಟಿಲ ಮೇಲೂ ಜನ ಜೋತುಬಿದ್ದಿದ್ದರು, ನಿಲ್ಲಲಿಲ್ಲ. ತಂದಿದ್ದ ನೀರು ಮುಗಿಯಿತು. ಸಂದರ್ಶನದ ಹೊತ್ತು ಮೀರುತ್ತಿದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಅದಕ್ಕೇ ಕಲ್ಲು ಹೇರಿಕೊಂಡು ರಾಯಚೂರಿನ ಕಡೆ ಹೊರಟಿದ್ದ ಟ್ರ್ಯಾಕ್ಟರ್ ನಿಂತಾಗ, ಖಾಲಾ ಬೇಡ ಅನ್ನುವ ಮೊದಲೇ ಟ್ರೇಲರ್ ಹತ್ತಲು ಕೈ ಚಾಚಿದೆ.

ಆ ರಸ್ತೆಯ ಬಗ್ಗೆ ಹೆಚ್ಚು ಬರೆಯಲಾರೆ. ತಗ್ಗಿಗೊಮ್ಮೆ ಕಲ್ಲುಗಳೆಲ್ಲ ಎದ್ದು ಬೀಳುತ್ತಿದ್ದವು, ಅವುಗಳ ಮೇಲೆ ನಾವು. ಮೊದಲು ಸೊಂಟದಲ್ಲಿ ಹಿಡಿದಂತಾಯಿತು. ಆಮೇಲೆ ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದ ಹಾಗೆ. ಖಾಲಾ ತನ್ನ ಬುರ್ಖಾ ತೆಗೆದು ನನ್ನ ಕೆಳಗೆ ಹಾಸಿದಳು, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಟ್ರ್ಯಾಕ್ಟರಿನವನಿಗೆ ಮೆಲ್ಲಗೆ ಹೋಗು ಎಂದು ಕೂಗಿದಳು, ಸ್ವಲ್ಪ ಹೊತ್ತಿಗೆ ಬೇಗ ಹೋಗು ಎಂದು ಕೂಗಿದಳು.

“ನಿಮ್ಮ ದೇವ್ರನ್ನ ಕರಿ ಬಾಯಿ,” ಅಂದಳು ನನಗೆ. “ನಾ ನಮ್ಮವನ್ನ ಕರೀತೀನಿ.”

ನನಗೆ ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಬುರ್ಖಾ ತೊಯ್ದಿತ್ತು.

ಮಗು ಉಳಿಯಲಿಲ್ಲ. ಗಂಡೋ ಹೆಣ್ಣೋ ನಾನು ಕೇಳಲಿಲ್ಲ. ಖಾಲಾ ಅದನ್ನು ಬಟ್ಟೆಯಲ್ಲಿ ಸುತ್ತಿಸಿಕೊಂಡು ಹೊರಗೆ ಹೋದದ್ದು ಕಂಡೆ. ಬಹಳ ಹೊತ್ತಿನ ಮೇಲೆ ಕೈಕಾಲು ತೊಳೆದುಕೊಂಡು ಬಂದಳು. ಎಲ್ಲಿ ಇಟ್ಟು ಬಂದಳೆಂದು ಅವಳು ಹೇಳಲಿಲ್ಲ. ಕೇಳಬೇಕೆಂದು ಆಮೇಲೆ ಎಷ್ಟೋ ಸಲ ಬಾಯಿ ತೆರೆದಿದ್ದೇನೆ, ಕೇಳಲಾಗಿಲ್ಲ.

ಕೋಟೆಯ ಕಡೆ ತವರಿಗೆ ಸುದ್ದಿ ಕಳಿಸಿದವಳೂ ಅವಳೇ. ಅವ್ವ, ಅಪ್ಪ ಬಂದಾಗ ಅವಳು ತನ್ನ ತಂಗಿಯ ಮನೆಯಿಂದ ತಂದ ತಂಬಿಗೆಯಿಂದ ನನಗೆ ನೀರು ಕುಡಿಸುತ್ತಿದ್ದಳು. ಅಪ್ಪ ಬಾಗಿಲಲ್ಲಿ ನಿಂತರು. ಅವ್ವ ಒಳಗೆ ಬಂದು ನನ್ನ ಕಾಲ ಹತ್ತಿರ ಕೂತು ಅತ್ತಳು. ಖಾಲಾ ಎದ್ದು, ನಿಮ್ಮ ಮಗಳನ್ನು ನಿಮಗೆ ಒಪ್ಪಿಸಿದೆ ಎಂಬಂತೆ ತಲೆ ಬಾಗಿಸಿ ಹೊರಟುಹೋದಳು. ಅವಳು ಹೋದ ಮೇಲೆ ಅಪ್ಪ ಒಳಗೆ ಬಂದರು. ಆ ತಂಬಿಗೆಯನ್ನು ಧೋತರದ ತುದಿಯಿಂದ ಹಿಡಿದೆತ್ತಿ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಇಟ್ಟರು. ಆಮೇಲೆ ನನ್ನ ಹಣೆ ಮುಟ್ಟಿ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ.

ಅಪ್ಪ ದೇವದುರ್ಗಕ್ಕೆ ಕಾರ್ಡು ಬರೆದು ಹಾಕಿದರು. ಅದು ಮುಟ್ಟಿ ನನ್ನ ಗಂಡ ಬರಲು ದಿನಗಳು ಹಿಡಿದವು. ಗೊಬ್ಬರ ಇಳಿಸಿ ಖಾಲಿ ಹೊರಟ ಲಾರಿಯ ಮೇಲೆ ಬಂದಿದ್ದರು. ತಲೆ, ಮೀಸೆ, ಅಂಗಿಯ ಕಾಲರು ಎಲ್ಲ ಬೆಳ್ಳಗಾಗಿದ್ದವು, ಮುದುಕರ ಹಾಗೆ ಕಂಡರು. ಮಂಚದ ಹತ್ತಿರ ಬಂದು ನಿಂತು ನನ್ನನ್ನು ನೋಡಿದರು. ನಾನು ಅವರು ಏನಾದರೂ ಹೇಳಲಿ ಎಂದು ಕಾಯುತ್ತಿದ್ದೆ. ಏನು ಹೇಳಿದ್ದರೂ ಆಗುತ್ತಿತ್ತು.

“ಬಸ್ಸಿಗೆ ಬರಬೇಕಾಗಿತ್ತಲ್ಲ,” ಅಂದರು.

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದವರ ಬಾಯಿಂದ ತಾನಾಗಿ ಬಿದ್ದ ಮಾತು. ಸಿರವಾರದಲ್ಲಿ ತಾವೇ ಹೇಳಿದ್ದು ಅವರಿಗೆ ಮರೆತಿರಲಿಕ್ಕಿಲ್ಲ. ನಾನು ಅದನ್ನು ನೆನಪಿಸಲಿಲ್ಲ. ಗೋಡೆಯ ಕಡೆ ಹೊರಳಿದೆ. ಅವರು ನೆಲದ ಮೇಲೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಮಂಚದ ಕಾಲಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಅವರ ಮೇಲೆ ನನಗೆ ಕನಿಕರ ಹುಟ್ಟಿತು, ಆದರೆ ಕೈ ಚಾಚಿ ಮುಟ್ಟಬೇಕು ಅನಿಸಲಿಲ್ಲ.

ಸರ್ಕಾರಿ ಕೆಲಸ ಬೇರೆಯವರ ಪಾಲಾಯಿತು. ಮಳೆಗಾಲಕ್ಕೆ ನಾನು ಮಾನ್ವಿಗೇ ತಿರುಗಿ ಹೋದೆ. ಶಾಲೆಯಲ್ಲಿ ನನ್ನ ಜಾಗಕ್ಕೆ ಬೇರೆ ಯಾರೂ ಇಷ್ಟು ಕಡಿಮೆ ಸಂಬಳಕ್ಕೆ ಬಂದಿರಲಿಲ್ಲ, ಇಟ್ಟುಕೊಂಡರು. ಖಾಲಾ ನನ್ನ ಖೋಲಿಯನ್ನು ಹಾಗೇ ಬೀಗ ಹಾಕಿ ಇಟ್ಟಿದ್ದಳು. ಬುರ್ಖಾದ ಮಾತು ಎತ್ತಿದರೆ, ಹಳೆಯದಾಗಿತ್ತು ಬಿಡು ಅಂದಳು. ಆ ವರ್ಷವೆಲ್ಲ ಅವಳು ಓಣಿಯಲ್ಲಿ ಒಂದು ಹಳೆಯ ಚಾದರ ಹೊದ್ದು ಓಡಾಡಿದಳು.

ಐತವಾರಗಳು ಮುಂದುವರಿದವು. ಲಾರಿ ಇಳಿದು, ಗೋಡೆಯ ಮೇಲೆ ಕೂತು, ಗಂಟು ಬಿಚ್ಚಿ ಉಣ್ಣುವುದು. ಬಂದೆಯಾ ಎಂದು ಅವರು ಕೇಳುತ್ತಿದ್ದರು, ಬಂದೆ ಅನ್ನುತ್ತಿದ್ದೆ. ಅವರು ಮಗುವಿನ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದು ವಾರ ಅವರು ಬರಲಿಲ್ಲ. ದೇವದುರ್ಗದ ಕಡೆಯಿಂದ ಬರುವ ಲಾರಿಗಳನ್ನೆಲ್ಲ ನೋಡುತ್ತ ಬೇವಿನ ನೆರಳಿನಲ್ಲಿ ಒಬ್ಬಳೇ ಕೂತಿದ್ದೆ. ಹೊತ್ತು ಇಳಿದ ಹಾಗೆ ನನಗೆ ದಿಗಿಲಾಗಬೇಕಿತ್ತು. ಆದರೆ ಮೈಯೆಲ್ಲ ಹಗುರವಾಗುತ್ತ ಬಂತು. ರೊಟ್ಟಿಯನ್ನು ನಾನೊಬ್ಬಳೇ ನಿಧಾನವಾಗಿ ತಿಂದು, ಗೋಡೆಗೊರಗಿ ಕಣ್ಣು ಮುಚ್ಚಿದೆ. ಎಷ್ಟೋ ತಿಂಗಳ ಮೇಲೆ ಅವತ್ತು ನನಗೆ ನಿದ್ದೆ ಬಂತು. ಅವರಿಗೆ ಜ್ವರ ಬಂದಿತ್ತೆಂದು ಮುಂದಿನ ವಾರ ತಿಳಿಯಿತು. ಆಮೇಲೆ ಅವರೂ ಪ್ರತಿ ವಾರ ಬರುವುದನ್ನು ಬಿಟ್ಟರು, ನಾನೂ ಬಿಟ್ಟೆ. ಲಾರಿ ಸಿಗಲಿಲ್ಲ ಎಂಬ ಕಾರಣ ಇಬ್ಬರಿಗೂ ಒಪ್ಪುವಂಥದ್ದಾಗಿತ್ತು.

ಕಾಲ ಸುಧಾರಿಸಿತು. ಎಲ್ಲರಿಗೂ ಸುಧಾರಿಸುವ ಹಾಗೆ ನಮಗೂ ಸುಧಾರಿಸಿತು. ಎಪ್ಪತ್ತರ ದಶಕದ ಕೊನೆಗೆ ಅವರಿಗೆ ರಾಯಚೂರಿನಲ್ಲಿ ಒಂದು ಕಚೇರಿಯಲ್ಲಿ ಕಾಯಂ ಕೆಲಸ ಸಿಕ್ಕಿತು. ಒಂದೆರಡು ವರ್ಷದಲ್ಲಿ ನನಗೂ ಗಿಲ್ಲೆಸುಗೂರಿನ ಸರ್ಕಾರಿ ಶಾಲೆಯಲ್ಲಿ ಕೆಲಸವಾಯಿತು. ದಿನಾ ಬಸ್ಸಿನಲ್ಲಿ ಹೋಗಿ ಬರಬಹುದಿತ್ತು. ಮಾನ್ವಿ ಬಿಡುವ ದಿನ ಖಾಲಾ ಹೊರಗೆ ಬರಲಿಲ್ಲ, ಮಕ್ಕಳನ್ನು ಕಳಿಸಿದಳು. ಆ ಹುಡುಗಿಯರು ನನ್ನ ಟ್ರಂಕನ್ನು ಬಸ್ಸಿನವರೆಗೆ ಹೊತ್ತು ತಂದರು. ಮುಂದೆ ಡಾಕ್ಟರುಗಳಿಗೆ ತೋರಿಸಿಯಾಯಿತು, ಹರಕೆಗಳೂ ಆದವು. ಮತ್ತೆ ಮಕ್ಕಳಾಗಲಿಲ್ಲ.

ರಾಯಚೂರಿನಲ್ಲಿ ಎರಡು ಖೋಲಿಯ ಮನೆ ಹಿಡಿದೆವು. ನಡುವೆ ಬಾಗಿಲಿದ್ದ, ಅದನ್ನು ಒಳಗಿನಿಂದ ಹಾಕಿಕೊಳ್ಳಬಹುದಾದ ಮನೆ. ಮದುವೆಯಾಗಿ ಅಷ್ಟು ವರ್ಷಗಳ ಮೇಲೆ ನಾವು ಮೊದಲ ಸಲ ನಮ್ಮದೇ ಸೂರಿನ ಕೆಳಗೆ ಇದ್ದೆವು. ಸಾಮಾನು ಜೋಡಿಸಿದ ದಣಿವಿಗೆ ನನಗೆ ಮರುದಿನ ತಲೆ ಎತ್ತಲಾಗಲಿಲ್ಲ. ಅವರು ಎದ್ದು ಸ್ಟೋವ್ ಹಚ್ಚಿದರು. ಪಾತ್ರೆಗಳ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಸದ್ದು ನಿಂತುಹೋಯಿತು. ಆಮೇಲೆ ಬಾಗಿಲಿಗೆ ಬಂದು, ಚಮಚ ಹಿಡಿದುಕೊಂಡು, ಪರಸ್ಥಳದ ನೆಂಟರನ್ನು ಕೇಳುವ ಹಾಗೆ ಸಂಕೋಚದಿಂದ ಕೇಳಿದರು.

“ನಿನಗ ಚಾದಾಗ ಸಕ್ಕರಿ ಎಷ್ಟು ಬೇಕಾಗ್ತದ?”

ಹೇಳಿದೆ. ಅವರಿಗೆ ಎಷ್ಟು ಬೇಕು ಎಂಬುದು ನನಗೂ ಗೊತ್ತಿಲ್ಲವೆಂದು ಆಗ ಹೊಳೆಯಿತು. ಮರುದಿನವೂ ಅವರು ಕೇಳಿದರು. ಕೆಲವು ತಿಂಗಳು ಹಾಗೆ ಕೇಳುತ್ತಲೇ ಇದ್ದರು. ಒಂದು ದಿನ ಕೇಳುವುದನ್ನು ಬಿಟ್ಟರು. ಈಗ ಕೈಗೆ ಬಂದಷ್ಟು ಹಾಕಿ ಕೊಡುತ್ತಾರೆ, ನಾನು ಕುಡಿಯುತ್ತೇನೆ.